ಬಲೀಂದ್ರ ನಮ್ಮ ಅಂಗಳಕ್ಕೆ ಬಂದ ಬಗೆ

2023ರ ಗಣಪತಿ ಹಬ್ಬದ ಲೆಕ್ಕಪತ್ರವನ್ನು ಒಪ್ಪಿಸಿ ಮುಗಿಸಿದ ಸಂಜೆ, ಹೊಸನಗರ ತಾಲ್ಲೂಕಿನ ನಮ್ಮೂರಿನ ಯುವಕ ಸಂಘದವರು ನನ್ನನ್ನು ಕೂರಿಸಿಕೊಂಡು, ಬರುವ ದೀಪಾವಳಿಗೆ ಹಬ್ಬದ್ದೇ ಆದ ಒಂದು ನಾಟಕ ಬರೆದು ಆಡಿಸಿಕೊಡಬೇಕೆಂದು ಕೇಳಿದರು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಶಾಲೆಯ ವಾರ್ಷಿಕೋತ್ಸವಕ್ಕೆ ಚಿಕ್ಕ ನಾಟಕಗಳನ್ನು ಮಾಡಿಸಿದ್ದೆನೇ ಹೊರತು ಊರಿನ ದೊಡ್ಡವರನ್ನು ಸೇರಿಸಿ ಆಡಿಸಿದ್ದಿಲ್ಲ. ಆದರೂ ಒಪ್ಪಿಕೊಂಡೆ. ಹುಡುಗನಾಗಿದ್ದಾಗಿನಿಂದ ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳನ್ನು ನೋಡುತ್ತ ಬೆಳೆದವನಿಗೆ, ಒಂದು ಪರದೆ ಮತ್ತು ನಾಲ್ಕು ಜನ ಇದ್ದರೆ ನಾಟಕವಾಗುತ್ತದೆ ಎಂಬ ಧೈರ್ಯ ಮೊದಲಿನಿಂದಲೂ ಇತ್ತು. ಯಾವ ಕಥೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಮಲೆನಾಡಿನಲ್ಲಿ ದೀಪಾವಳಿಯೆಂದರೆ ಬಲೀಂದ್ರನ ಹಬ್ಬ. ಬೂರೆ ಹಬ್ಬದ ಬೆಳಗಿನ ಜಾವ ಬಾವಿಯಿಂದ ನೀರು ತುಂಬಿ ತಂದು, ಕಲಶದಲ್ಲಿ ಬಲೀಂದ್ರನನ್ನು ಕೂರಿಸಿ, ಮೂರು ದಿನ ಮನೆಯಲ್ಲಿಟ್ಟುಕೊಂಡು ಕಳಿಸುವವರು ನಾವು. ಬಲಿಪಾಡ್ಯಮಿ ಆ ವರ್ಷ ನವೆಂಬರ್ 14ಕ್ಕೆ ಬಿದ್ದಿತ್ತು. ನನ್ನ ಕೈಯಲ್ಲಿ ಏಳೆಂಟು ವಾರಗಳಿದ್ದವು.

ಮೊದಲು ಮಾಡಿದ ಕೆಲಸವೆಂದರೆ ಭಾಗವತದ ಎಂಟನೆಯ ಸ್ಕಂಧವನ್ನು ಓದಿದ್ದು. ಹದಿನೈದರಿಂದ ಇಪ್ಪತ್ಮೂರರವರೆಗಿನ ಒಂಬತ್ತು ಅಧ್ಯಾಯಗಳಲ್ಲಿ ಬಲಿಯ ಕಥೆ ಹರಡಿಕೊಂಡಿದೆ. ಬಲಿ ವಿಶ್ವಜಿತ್ ಯಾಗ ಮಾಡಿ ರಥವನ್ನೂ ಬಿಲ್ಲನ್ನೂ ಪಡೆದು ಅಮರಾವತಿಯನ್ನು ಗೆಲ್ಲುವುದು, ಮಕ್ಕಳು ನೆಲೆ ಕಳೆದುಕೊಂಡ ದುಃಖದಲ್ಲಿ ಅದಿತಿ ಹನ್ನೆರಡು ದಿನ ಪಯೋವ್ರತ ಹಿಡಿಯುವುದು, ಅವಳ ಹೊಟ್ಟೆಯಲ್ಲಿ ವಾಮನ ಹುಟ್ಟುವುದು, ನರ್ಮದೆಯ ಉತ್ತರ ದಂಡೆಯಲ್ಲಿ ನಡೆಯುತ್ತಿದ್ದ ಅಶ್ವಮೇಧದ ಚಪ್ಪರಕ್ಕೆ ಆ ಪುಟ್ಟ ವಟು ಕೊಡೆ ಹಿಡಿದು ಬರುವುದು, ಎಲ್ಲವೂ ಒಂದಕ್ಕಿಂತ ಒಂದು ಚೆನ್ನಾಗಿವೆ. ಯಾವುದನ್ನೂ ಬಿಡಲು ಮನಸ್ಸಾಗದೆ ಎಲ್ಲವನ್ನೂ ಬರೆದೆ. ಒಂಬತ್ತು ದೃಶ್ಯ, ಅರವತ್ತೆರಡು ಪುಟ.

ಅಕ್ಟೋಬರ್ ನಡುವಿನಲ್ಲಿ ಮೊದಲ ಓದು ನಡೆಯಿತು. ಮೊದಲ ಕೊಯ್ಲಿನ ಅಡಿಕೆ ಆಗ ತಾನೇ ಅಂಗಳಕ್ಕೆ ಬಿದ್ದಿತ್ತು. ಸಂಜೆಯಾದ ಮೇಲೆ ಊರಿನ ಹೆಂಗಸರು ಸುಲಿಯುವ ಕೆಲಸಕ್ಕೆ ಕೂರುವುದರಿಂದ, ಅವರು ಬರುವ ಕಡೆಗೆ ನಾವೇ ಹೋಗುವುದೆಂದು ತೀರ್ಮಾನವಾಯಿತು. ನಾಟಕ ಆಡಬೇಕಾಗಿದ್ದ ಮನೆಯ ಅಂಗಳದಲ್ಲೇ, ಚಪ್ಪರದ ಕೆಳಗೆ, ಎರಡು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತವರ ನಡುವೆ ನಿಂತು ಓದಿದೆ. ಮೆಟ್ಟುಗತ್ತಿಗೆ ಅಡಿಕೆ ತಾಗಿ ಸಿಪ್ಪೆ ಬಿಡುವ ಸದ್ದು ಒಂದೇ ಲಯದಲ್ಲಿ ನಡೆಯುತ್ತಿರುತ್ತದೆ. ಕಥೆ ಹಿಡಿದರೆ ಆ ಸದ್ದು ನಿಧಾನವಾಗುತ್ತದೆ, ಬೇಸರವಾದರೆ ಮೊದಲಿನ ವೇಗಕ್ಕೆ ಮರಳುತ್ತದೆ. ಯಾವ ವಿಮರ್ಶಕನಿಂದಲೂ ಇಷ್ಟು ಸ್ಪಷ್ಟವಾದ ಅಭಿಪ್ರಾಯ ನನಗೆ ಸಿಕ್ಕಿಲ್ಲ. ಅಮರಾವತಿಯ ಯುದ್ಧದುದ್ದಕ್ಕೂ ಸದ್ದು ಒಂದಿಷ್ಟೂ ಇಳಿಯಲಿಲ್ಲ. ವಾಮನ ಮೂರು ಹೆಜ್ಜೆ ನೆಲ ಕೇಳಿದಾಗ ಒಂದೊಂದೇ ಕೈ ನಿಂತಿತು. ಓದಿ ಮುಗಿಸಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಬಲಿ ಸುತಲವೆಂಬ ಪಾತಾಳಲೋಕಕ್ಕೆ ಇಳಿದ, ದೇವತೆಗಳು ಹೂಮಳೆಗರೆದರು ಎಂದು ನಾನು ಹಾಳೆ ಮಡಿಸಿದಾಗ, ಮೂಲೆಯಲ್ಲಿ ಕೂತಿದ್ದ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಲೆ ಎತ್ತದೆಯೇ ಕೇಳಿದರು: “ಹಂಗಾರೆ ಬಲೀಂದ್ರ ಬರೋದು ಯಾವಾಗ?”

ನನ್ನ ನಾಟಕದಲ್ಲಿ ಆತ ಬರುತ್ತಲೇ ಇರಲಿಲ್ಲ.

ಮನೆಗೆ ಹೋಗಿ ಆ ಒಂಬತ್ತು ಅಧ್ಯಾಯಗಳನ್ನು ಮತ್ತೆ ತಿರುವಿ ಹಾಕಿದೆ. ಬಲಿಗೆ ಸುತಲದಲ್ಲಿ ಸ್ವರ್ಗಕ್ಕಿಂತ ಮಿಗಿಲಾದ ನೆಲೆ ಸಿಗುತ್ತದೆ, ವಿಷ್ಣುವೇ ಅವನ ಬಾಗಿಲು ಕಾಯುತ್ತಾನೆ, ಮುಂದಿನ ಸಾವರ್ಣಿ ಮನ್ವಂತರದಲ್ಲಿ ಅವನೇ ಇಂದ್ರನಾಗುತ್ತಾನೆ ಎಂಬ ಮಾತುಗಳೆಲ್ಲ ಇವೆ. ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಎಂಬ ಮಾತು ಮಾತ್ರ ಅಲ್ಲಿಲ್ಲ. ನಾವು ಹಬ್ಬ ಮಾಡುವುದೇ ಆ ಮಾತಿನ ಮೇಲೆ. ಪುಸ್ತಕದ ಕಥೆ ಎಲ್ಲಿ ನಿಲ್ಲುತ್ತದೋ ನಮ್ಮೂರಿನ ಕಥೆ ಅಲ್ಲಿಂದ ಶುರುವಾಗುತ್ತದೆ ಎಂಬುದು ಇಷ್ಟು ವರ್ಷ ಹಬ್ಬ ಮಾಡಿಯೂ ನನಗೆ ಹೊಳೆದಿರಲಿಲ್ಲ. ಹಾಗಾದರೆ ನಾಟಕದ ಕಣ್ಣು ಯಾಗದ ಚಪ್ಪರದಲ್ಲಿರಬಾರದು, ಬಾಗಿಲಲ್ಲಿ ದೀಪ ಹಚ್ಚಿಟ್ಟು ಕಾಯುವ ಮನೆಯಲ್ಲಿರಬೇಕು ಎಂದು ಅಂದು ರಾತ್ರಿ ನಿಶ್ಚಯಿಸಿದೆ. ಅರವತ್ತೆರಡು ಪುಟಗಳಲ್ಲಿ ಉಳಿದದ್ದು ಹತ್ತೊಂಬತ್ತು. ಯುದ್ಧ ಹೋಯಿತು, ಇಂದ್ರ ಹೋದ, ಅದಿತಿಯ ವ್ರತವೂ ಹೋಯಿತು. ಅದಿತಿಯನ್ನು ಬಿಡುವಾಗ ಮಾತ್ರ ಬಹಳ ಸಂಕಟವಾಯಿತು, ಏಕೆಂದರೆ ಅವಳ ದುಃಖವೂ ಸುಳ್ಳಲ್ಲ. ಆದರೆ ಒಂದು ಗಂಟೆಯೊಳಗೆ ಮುಗಿಯಬೇಕಾದ ಆಟದಲ್ಲಿ ಇಬ್ಬರು ಹೆಂಗಸರ ದುಃಖಕ್ಕೆ ಜಾಗವಿರಲಿಲ್ಲ.

ಉಳಿದ ದೃಶ್ಯಗಳಲ್ಲಿ ನಾನು ಹೆಚ್ಚು ಹೊತ್ತು ಕೂತು ತಿದ್ದಿದ್ದು ಶುಕ್ರಾಚಾರ್ಯರ ಮಾತನ್ನು. ಅವರು ದುಂಬಿಯಾಗಿ ಗಿಂಡಿಯ ಮೂತಿಗೆ ಅಡ್ಡ ಕೂತು, ದರ್ಭೆಯ ತುದಿ ಚುಚ್ಚಿ ಒಂದು ಕಣ್ಣು ಕಳೆದುಕೊಂಡ ಕಥೆ ಎಲ್ಲ ಮಕ್ಕಳಿಗೂ ಗೊತ್ತು, ಅದನ್ನು ಸೇರಿಸಲೇಬೇಕೆಂದು ಶಾಲೆಯ ಹುಡುಗರು ಹಟ ಹಿಡಿದರು. ಭಾಗವತದಲ್ಲಿ ಆ ಪ್ರಸಂಗವಿಲ್ಲ. ಅಲ್ಲಿರುವುದು ಒಬ್ಬ ಗುರುವಿನ ನಿಜವಾದ ವಾದ. ಗಳಿಸಿದ್ದನ್ನು ಧರ್ಮಕ್ಕೆ, ಕೀರ್ತಿಗೆ, ಮತ್ತೆ ಗಳಿಕೆಗೆ, ಸುಖಕ್ಕೆ, ತನ್ನವರಿಗೆ ಎಂದು ಐದು ಪಾಲು ಮಾಡಬೇಕು, ಬದುಕುವ ದಾರಿಯನ್ನೇ ಕಿತ್ತುಕೊಳ್ಳುವ ದಾನ ದಾನವಲ್ಲ, ಪ್ರಾಣಕ್ಕೆ ಕುತ್ತು ಬಂದಾಗ ಕೊಟ್ಟ ಮಾತಿನಿಂದ ಹಿಂದೆ ಸರಿದರೆ ದೋಷವಿಲ್ಲ ಎಂದು ಅವರು ಶಿಷ್ಯನಿಗೆ ಬಿಡಿಸಿ ಹೇಳುತ್ತಾರೆ. ಮನೆ ನಡೆಸುವ ಯಾರೇ ಆದರೂ ಒಪ್ಪುವ ಮಾತದು. ದುಂಬಿಯನ್ನು ತಂದರೆ ಶುಕ್ರ ನಗೆಗೀಡಾಗುತ್ತಾರೆ, ವಾದ ಕಣ್ಮರೆಯಾಗುತ್ತದೆ, ಆಗ ಬಲಿಯ ನಿರ್ಧಾರಕ್ಕೂ ತೂಕ ಇರುವುದಿಲ್ಲ. ಆದ್ದರಿಂದ ದುಂಬಿಯನ್ನು ಬಿಟ್ಟೆ. ಆ ಪಾತ್ರ ಮಾಡಿದವರು ಸಹಕಾರ ಸಂಘದಲ್ಲಿ ಬಹಳ ಕಾಲ ಲೆಕ್ಕ ಬರೆದು ನಿವೃತ್ತರಾದವರು. ಐದು ಪಾಲಿನ ಮಾತನ್ನು ಅವರು ಬೆರಳು ಮಡಿಸುತ್ತ, ಸಾಲಗಾರನಿಗೆ ತಿಳಿಹೇಳುವಷ್ಟು ಅಕ್ಕರೆಯಿಂದ ಹೇಳಿದಾಗ, ಬಲಿ ಅದನ್ನು ಕೇಳಬಾರದೇ ಎಂದು ನನಗೇ ಅನ್ನಿಸಿತು.

ಬಲಿಯ ಹೆಂಡತಿ ವಿಂಧ್ಯಾವಳಿಯ ಪಾತ್ರವನ್ನು ನಾಟಕ ಆಡಲಿದ್ದ ಮನೆಯ ಯಜಮಾನಿಯೇ ಒಪ್ಪಿಕೊಂಡಿದ್ದರು. ಮೂಲದಲ್ಲಿ ವಾಮನನ ಪಾದ ತೊಳೆಯಲು ಅವಳು ಚಿನ್ನದ ಕೊಡದಲ್ಲಿ ನೀರು ತರುತ್ತಾಳೆ, ಬಲಿಯನ್ನು ಕಟ್ಟಿಹಾಕಿದ ಮೇಲೆ ಕೈಮುಗಿದು ಕೆಲವು ಮಾತಾಡುತ್ತಾಳೆ. ಒಂದು ಸಂಜೆ ತಾಲೀಮಿನಲ್ಲಿ ಅವರು ತಂಬಿಗೆ ಹಿಡಿದು ನಿಂತವರು, “ಮೇಷ್ಟ್ರೇ, ಧಾರೆ ಎರೆಯೋಳು ನಾನು. ನನ್ನ ಕೇಳಿದ್ರಾ ಇವ್ರು?” ಎಂದರು. ಸುತ್ತಲಿದ್ದವರು ನಕ್ಕರು, ಅವರು ನಗಲಿಲ್ಲ. ನಾಲ್ಕು ಎಕರೆ ತೋಟದ ಕಾಗದಪತ್ರಕ್ಕೆ ರುಜು ಹಾಕುವಾಗ ಯಾರೂ ತಮ್ಮನ್ನು ಕೇಳಿರಲಿಲ್ಲ ಎಂದು ಆಮೇಲೆ ಒಬ್ಬರೇ ಇದ್ದಾಗ ಹೇಳಿದರು. ಮರುದಿನ ಆ ಜಾಗದಲ್ಲಿ ಎರಡೇ ಮಾತು ಸೇರಿಸಿದೆ. ನೀರು ಬೀಳುವ ಮೊದಲು ಬಲಿ ಹೆಂಡತಿಯ ಮುಖ ನೋಡಿ “ಎರೆಯಲೇನು?” ಎಂದು ಕೇಳುತ್ತಾನೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ನೀವು ಮಾತು ಕೊಟ್ಟಾಗಿದೆ. ಈಗ ಕೇಳುತ್ತಿದ್ದೀರಿ. ಇಷ್ಟಾದರೂ ಕೇಳಿದಿರಿ” ಎಂದು ತಂಬಿಗೆ ಬಗ್ಗಿಸುತ್ತಾಳೆ. ಪುರಾಣಕ್ಕೆ ನಾನು ಕೈಯಾರೆ ಸೇರಿಸಿದ್ದು ಇದೊಂದೇ. ಸೇರಿಸಿದ್ದು ಸರಿಯೆಂದೇ ಈಗಲೂ ನಂಬಿದ್ದೇನೆ.

ಬಲಿಯ ಪಾತ್ರಧಾರಿ ಸಾಗರದ ಕಡೆಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಕೊನೆಯ ಟ್ರಿಪ್ಪು ಮುಗಿಸಿ ಅವರು ಬರುವಾಗ ರಾತ್ರಿ ಎಂಟೂವರೆಯಾಗುತ್ತಿತ್ತು. ಹರಕೆ ಆಟಗಳಲ್ಲಿ ವೇಷ ಮಾಡಿ ಪಳಗಿದ ಗಂಟಲು. ಮೊದಲ ವಾರವೆಲ್ಲ ಅವರು ಯಕ್ಷಗಾನದ ಅರ್ಥಗಾರಿಕೆಯ ಧಾಟಿಯಲ್ಲೇ, ಎದುರಿಗೆ ಚಂಡೆಯಿದೆ ಎಂಬಂತೆ ಮಾತಾಡಿದರು. ಅದು ಚೆನ್ನಾಗಿಯೇ ಇತ್ತು, ಆದರೆ ಅಂಗಳದಲ್ಲಿ ಹತ್ತಡಿ ದೂರ ಕೂತವರಿಗೆ ಆ ದನಿ ಹೊಂದುತ್ತಿರಲಿಲ್ಲ. ಬಸ್ಸಿನಲ್ಲಿ ಮುದುಕರೊಬ್ಬರಿಗೆ ಚಿಲ್ಲರೆ ವಾಪಸು ಕೊಡುವಾಗ ಯಾವ ದನಿಯಲ್ಲಿ ಮಾತಾಡುತ್ತೀರೋ ಅದೇ ದನಿಯಲ್ಲಿ ವಾಮನನಿಗೆ ಮೂರು ಹೆಜ್ಜೆ ಕೊಡಿ ಎಂದು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹಾಗೆಯೇ ಮಾಡಿದರು, ದಾನ ನಿಜವಾಯಿತು. ಮಣಿಯ ಕಿರೀಟ ತರಿಸಬೇಕೆಂಬ ಆಸೆಯನ್ನೂ ಅವರು ಬಿಟ್ಟುಕೊಟ್ಟರು. ಅಡಿಕೆ ಹಾಳೆಯಲ್ಲಿ ಎತ್ತರದ ಟೊಪ್ಪಿಯಂತೆ ಕಿರೀಟ ಕಟ್ಟಿ, ಅದರ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ನೀರಿನಲ್ಲಿ ಹಸೆ ಚಿತ್ತಾರದ ಗೆರೆಗಳನ್ನು ಊರಿನ ಹೆಂಗಸೊಬ್ಬರು ಎಳೆದುಕೊಟ್ಟರು. ಪುಂಡಿ ನಾರಿನ ಕುಂಚದಲ್ಲಿ ಒಂದೇ ಉಸಿರಿಗೆ ಎಳೆದ ಆ ಗೆರೆ ಎಲ್ಲಿಯೂ ನಡುಗಿರಲಿಲ್ಲ.

ಮೂರನೆಯ ಹೆಜ್ಜೆ ಮಾತ್ರ ಬಹಳ ದಿನ ನಮ್ಮನ್ನು ಕಾಡಿತು. ವಾಮನನಾಗಿದ್ದವಳು ಐದನೇ ತರಗತಿಯ ಹುಡುಗಿ, ಎತ್ತರ ನಾಲ್ಕಡಿ, ಕೈಯಲ್ಲೊಂದು ಓಲೆಕೊಡೆ. ಅವಳು ಭೂಮಿ ಆಕಾಶಗಳನ್ನು ಅಳೆಯಬೇಕು. ಮೊದಲು ಬಿದಿರಿಗೆ ಬಟ್ಟೆ ಸುತ್ತಿ ದೊಡ್ಡದೊಂದು ಕಾಲು ಮಾಡಿದೆವು. ನಾಲ್ಕು ಜನ ಹೊತ್ತು ತಂದರೆ ಅದು ಕಾಲಿನಂತೆ ಕಾಣದೆ ಬಾಳೆದಿಂಡಿನಂತೆ ಕಾಣುತ್ತಿತ್ತು. ಆಮೇಲೆ ನೆರಳಿನ ಯೋಚನೆ ಬಂತು. ನಾಲ್ಕು ಬಿಳಿ ಪಂಚೆಗಳನ್ನು ಜೋಡಿಸಿ ಹೊಲಿದು ಹತ್ತಡಿ ಎತ್ತರದ ಪರದೆ ಕಟ್ಟಿ, ಹಿಂದಿನಿಂದ ಬೆಳಕು ಬಿಟ್ಟೆವು. ಟ್ಯೂಬ್‌ಲೈಟಿನ ಬೆಳಕಿಗೆ ನೆರಳು ಕಲಸಿದ ಮಸಿಯಂತಾಯಿತು, ಉದ್ದ ದೀಪದ ಒಂದೊಂದು ಭಾಗವೂ ಒಂದೊಂದು ನೆರಳು ಹುಟ್ಟಿಸುವುದೇ ಅದಕ್ಕೆ ಕಾರಣ. ಬೆಳಕು ಒಂದೇ ಚುಕ್ಕಿಯಿಂದ ಹೊರಟರೆ ಮಾತ್ರ ಅಂಚು ಚೂಪಾಗುತ್ತದೆ. ಗ್ಯಾರೇಜಿನ ಹುಡುಗನೊಬ್ಬ ವಾಹನದ ಹೆಡ್‌ಲೈಟಿನಿಂದ ಬರಿಯ ಬಲ್ಬನ್ನು ಬಿಡಿಸಿ, 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ತಂದ. ಕರೆಂಟು ಹೋದರೂ ಅದು ಆರುವುದಿಲ್ಲ ಎಂಬ ಇನ್ನೊಂದು ಲಾಭವೂ ಸೇರಿತು.

ಬಲ್ಬನ್ನು ಪರದೆಯಿಂದ ಹದಿನಾರಡಿ ಹಿಂದೆ, ನೆಲಕ್ಕೆ ತಾಗಿಸಿ ಇಟ್ಟೆವು. ನೆಲದಲ್ಲಿದ್ದರೆ ನೆರಳಿನ ಪಾದ ಪರದೆಯ ಬುಡದಲ್ಲೇ ನಿಲ್ಲುತ್ತದೆ, ಬೆಳೆಯುವುದೆಲ್ಲ ಮೇಲಕ್ಕೆ. ಹುಡುಗಿ ನಡುವೆ, ಅಂದರೆ ಬಲ್ಬಿನಿಂದ ಎಂಟಡಿಯಲ್ಲಿ ನಿಂತರೆ ಅವಳ ನೆರಳು ಎಂಟಡಿ. ನಾಲ್ಕಡಿಗೆ ಬಂದರೆ ಹದಿನಾರಡಿ. ಪರದೆಯಿದ್ದದ್ದು ಹತ್ತೇ ಅಡಿ, ಹಾಗಾಗಿ ಮೊದಲು ಕೊಡೆ, ಆಮೇಲೆ ತಲೆ, ಭುಜ ಎಲ್ಲ ಪರದೆಯ ಮೇಲಂಚನ್ನು ದಾಟಿ ಕತ್ತಲಲ್ಲಿ ಸೇರಿಹೋಗಿ, ಕಡೆಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅಲ್ಲಿ ನಿಂತು ಅವಳು ಒಂದು ಕಾಲನ್ನು ಒಂದಡಿ ಎತ್ತಿದರೆ ನೆರಳಿನ ಪಾದ ನಾಲ್ಕಡಿ ಮೇಲೇಳುತ್ತದೆ, ಪರದೆಯ ಮುಂದೆ ಮಣೆಯ ಮೇಲೆ ಕೂತ ಬಲಿಯ ತಲೆಗೆ ಸರಿಯಾಗಿ. ಈ ಲೆಕ್ಕವನ್ನು ಗಣಿತದ ಸಹೋದ್ಯೋಗಿಯೊಬ್ಬರು ಸೀಮೆಸುಣ್ಣದಲ್ಲಿ ಅಂಗಳದ ಮೇಲೆಯೇ ಬರೆದು ತೋರಿಸಿದರು.

ಹುಡುಗಿಗೆ ಕಷ್ಟವಾದದ್ದು ಬೇರೆಯೇ. “ಅವ್ರ ತಲೆ ಮೇಲೆ ಕಾಲಿಡ್ಬೇಕು ಅಂದ್ರೆ ಹತ್ರ ಹೋಗ್ಬೇಕಲ್ಲ ಸಾರ್?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ದೊಡ್ಡವಳಾಗಬೇಕಾದರೆ ಅವಳು ಬಲಿಗೆ ಬೆನ್ನು ತಿರುಗಿಸದೆ ಹಿಂದಕ್ಕೆ, ಬೆಳಕಿನ ಕಡೆಗೆ ಹೆಜ್ಜೆ ಹಾಕಬೇಕಿತ್ತು. ಒಂದು ದಿನ ಅವಳನ್ನು ಪರದೆಯ ಮುಂದೆ ಕೂರಿಸಿ, ನಾನೇ ಹಿಂದೆ ಹೋಗಿ ನಿಂತು ತೋರಿಸಿದೆ. ಎದ್ದು ಬಂದವಳು ಬಲಿಯಾಗಿದ್ದ ಕಂಡಕ್ಟರ ಬಳಿ ಹೋಗಿ, “ಮಾಮ, ನಿಮ್ಗೆ ಹೆದ್ರಿಕೆ ಆಗಲ್ವಾ?” ಎಂದಳು. ಅವರು, “ನೀನೇ ಅಲ್ವನೇ ಅಲ್ಲಿರೋದು” ಎಂದರು. ಆ ಮಾತನ್ನು ಬಲಿಯ ಕೊನೆಯ ಮಾತಾಗಿ ನಾಟಕಕ್ಕೆ ಸೇರಿಸಿದೆವು. ಪುಸ್ತಕದಲ್ಲಿ ಬಲಿ ತನ್ನ ತಲೆಯನ್ನು ಒಡ್ಡುವಾಗ ಹೇಳುವುದು ಗಂಭೀರವಾದ ಶ್ಲೋಕ. ನಮ್ಮ ಬಲಿ ಕಿರೀಟವನ್ನು ತಾನೇ ತೆಗೆದು ಪಕ್ಕಕ್ಕಿಟ್ಟು, ಮೇಲೆ ನೋಡಿ, “ನೀನೇ ಅಲ್ಲವೇ ಅಲ್ಲಿರುವುದು, ಇಡು” ಎನ್ನುತ್ತಾನೆ.

ಇನ್ನು ಉಳಿದದ್ದು ಅಜ್ಜಿ ಕೇಳಿದ ಪ್ರಶ್ನೆ. ಬಲೀಂದ್ರ ಬರುವುದನ್ನು ತೋರಿಸಲು ಅಂಟಿಗೆ-ಪಂಟಿಗೆಯವರನ್ನು ರಂಗಕ್ಕೆ ತರಬೇಕೆಂದು ನಾನು ಎಣಿಸಿದ್ದೆ. ಬಲಿಪಾಡ್ಯಮಿಯ ರಾತ್ರಿ ದೀಪ ಹಿಡಿದು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ಪದ ಹೇಳುವ ಆ ತಂಡ ನಮ್ಮಲ್ಲಿ ಇನ್ನೂ ಉಳಿದಿದೆ. ಹಚ್ಚಿದ ದೀಪ ಹಬ್ಬ ಮುಗಿಯುವವರೆಗೆ ಆರಕೂಡದು. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆದು, ತಮ್ಮ ಮನೆಯ ದೀಪಕ್ಕೆ ಅದರಿಂದ ಬೆಳಕು ಹಚ್ಚಿಕೊಳ್ಳುತ್ತಾರೆ. ತಂಡದ ಹಿರಿಯರ ಮನೆಗೆ ಹೋಗಿ ಕೇಳಿದೆ. ಅವರು ಎಲೆಯಡಿಕೆ ತಟ್ಟೆ ಮುಂದಿಟ್ಟು, ನಾನು ಹೇಳುವುದೆಲ್ಲ ಮುಗಿಯುವವರೆಗೆ ಕೇಳಿ, ಆಗುವುದಿಲ್ಲ ಎಂದರು. “ದೀಪ ಅಂಗಳಕ್ಕೆ ಬಂತು ಅಂದ್ರೆ ಅದು ದೇವ್ರು ಮೇಷ್ಟ್ರೇ. ಬಂದಂಗೆ ಮಾಡಕ್ಕೆ ಆಗ್ತದಾ? ಹಬ್ಬ ಬರ್ದೆ ಆ ಪದ ನಾನು ಬಾಯಲ್ಲಿ ತರಲ್ಲ.” ತಾಲೀಮಿಗೂ ಬರುವುದಿಲ್ಲ, ನಾಟಕಕ್ಕೂ ಬರುವುದಿಲ್ಲ. ನಾನು ಏಳುವಾಗ, ಅಂಗಳದವರೆಗೆ ಬಂದು ಹೇಳಿದರು: “ನೀವು ನಾಟ್ಕ ಆಡಿ. ಪಾಡ್ಯದ ರಾತ್ರಿ ಆ ಮನೆಗೆ ನಾವು ಹೆಂಗೂ ಬರ್ತೀವಿ.”

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಹಿಂದಿನ ಮನೆಗಳಲ್ಲಿ ಎಷ್ಟು ಪದ ಹೇಳಿಸುತ್ತಾರೋ ಅದರ ಮೇಲೆ ಹೋಗುತ್ತದೆ.

ಯಾವಾಗ ಬರುತ್ತಾರೆಂದು ಗೊತ್ತಿಲ್ಲದವರಿಗಾಗಿ ಕಾಯುವ ದೃಶ್ಯವೊಂದನ್ನು ಹೇಗೆ ಬರೆಯುವುದು? ಐದು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಮಾತು ಬರೆದಿಟ್ಟರೆ ಮುಗಿದುಹೋಗುತ್ತದೆ, ಆಮೇಲೆ ನಟರು ತಡವರಿಸುತ್ತಾರೆ. ಹಾಡಿಸಿದರೆ ಬರುವವರ ಪದಕ್ಕೆ ಅಡ್ಡವಾಗುತ್ತದೆ. ಕಡೆಗೆ ಆ ದೃಶ್ಯಕ್ಕೆ ಮಾತನ್ನೇ ಬರೆಯಲಿಲ್ಲ, ಕೆಲಸ ಕೊಟ್ಟೆ. ಬಲಿ ಜನರ ನಡುವೆ ದಾರಿ ಮಾಡಿಕೊಂಡು ಕತ್ತಲಿಗೆ ನಡೆದುಹೋದ ಮೇಲೆ, ವಿಂಧ್ಯಾವಳಿಯಾಗಿದ್ದವರು ಅದೇ ಸೀರೆಯಲ್ಲಿ ಮನೆಯ ಮೆಟ್ಟಿಲ ಮೇಲೆ ಕೂತು, ಹಣ್ಣಡಿಕೆಯನ್ನೂ ಪಚ್ಚೆತೆನೆಯನ್ನೂ ಚೆಂಡುಹೂವನ್ನೂ ಬಾಳೆನಾರಿನಲ್ಲಿ ಪೋಣಿಸುತ್ತ ದನಗಳಿಗೆ ಸರ ಕಟ್ಟಬೇಕು. ಬುಟ್ಟಿಯಲ್ಲಿ ನೂರು ಅಡಿಕೆ ಇಟ್ಟಿರಬೇಕು. ಇದಿಷ್ಟೇ ಬರೆದದ್ದು. ನೋಡುವವರು ಬೇಸತ್ತು ಎದ್ದುಹೋಗುತ್ತಾರೆ ಎಂದು ಸಂಘದ ಹುಡುಗರು ಗಾಬರಿಯಾದರು, ನನಗೂ ಗಾಬರಿ ಇಲ್ಲದೆ ಇರಲಿಲ್ಲ.

ನವೆಂಬರ್ 14ರ ಸಂಜೆ ಗೋಪೂಜೆ, ಊಟ ಮುಗಿಸಿ ಜನ ಸೇರಿದರು. ಎಂಟು ಗಂಟೆಗೆ ಆಟ ಶುರುವಾಯಿತು. ಶುಕ್ರಾಚಾರ್ಯರು ಒಂದು ಕಡೆ ಮಾತು ಮರೆತು, ಐದನೆಯ ಬೆರಳನ್ನು ಮಡಿಸಿಕೊಂಡೇ ನಿಂತುಬಿಟ್ಟರು. ಮುಂದೆ ಕೂತಿದ್ದ ಹುಡುಗನೊಬ್ಬ “ತನ್ನವರಿಗೆ” ಎಂದು ಎತ್ತಿಕೊಟ್ಟ. ನೆರಳು ಪರದೆಯನ್ನು ದಾಟಿ ಬೆಳೆದಾಗ ಮಗುವೊಂದು ಅತ್ತಿತು. ಬಲಿ ಕಿರೀಟ ತೆಗೆದಿಟ್ಟು ತಲೆಯೊಡ್ಡಿದರು, ಪಾದ ಇಳಿಯಿತು, ಬಲ್ಬು ಆರಿತು. ಕತ್ತಲಲ್ಲಿ ಅವರು ಎದ್ದು ಜನರ ನಡುವೆ ನಡೆದು, ದಣಪೆ ದಾಟಿ ಗದ್ದೆಯ ಕಡೆಗೆ ಹೋದದ್ದು ಕಾಲಸಪ್ಪಳದಿಂದ ಮಾತ್ರ ತಿಳಿಯಿತು.

ಮೆಟ್ಟಿಲ ಮೇಲೆ ಒಂದು ಹಣತೆ ಉರಿಯುತ್ತಿತ್ತು. ವಿಂಧ್ಯಾವಳಿಯಾಗಿದ್ದವರು ಪೋಣಿಸುತ್ತ ಕೂತರು. ಮೊದಲ ಐದು ನಿಮಿಷ ಜನ ಪಿಸುಗುಟ್ಟಿದರು, ಆಮೇಲೆ ಸುಮ್ಮನಾದರು. ಅಜ್ಜಿಯೊಬ್ಬರೇ ಎದ್ದುಹೋಗಿ, ಯಾರನ್ನೂ ಕೇಳದೆ, ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಬುಟ್ಟಿಯಿಂದ ಅಡಿಕೆ ಆರಿಸಿ ಕೊಡತೊಡಗಿದರು. ಇನ್ನಿಬ್ಬರು ಹೆಂಗಸರು ಅವರ ಹಿಂದೆ ಹೋದರು. ಹೀಗೆ ಹದಿನೇಳು ನಿಮಿಷ. ನನ್ನ ಕೈಗಡಿಯಾರವನ್ನು ಅಷ್ಟು ಸಲ ನಾನು ಯಾವತ್ತೂ ನೋಡಿರಲಿಲ್ಲ. ಆಗ ಗದ್ದೆಯ ಅಂಚಿನಿಂದ ಪದ ಕೇಳಿಸಿತು, ಮೊದಲು ಒಂದು ದನಿ, ಅದನ್ನು ಎತ್ತಿಕೊಂಡ ಹಲವು ದನಿ. ಹಿಂದೆ ಕೂತಿದ್ದವರು ದಾರಿ ಬಿಟ್ಟರು. ದೀಪ ಅಂಗಳಕ್ಕೆ ಬಂತು. ಹಿರಿಯರು ನನ್ನ ಕಡೆಯಾಗಲಿ ಪರದೆಯ ಕಡೆಯಾಗಲಿ ನೋಡದೆ, ಎಲ್ಲ ಮನೆಗಳಲ್ಲಿ ನಿಲ್ಲುವ ಹಾಗೆಯೇ ಬಾಗಿಲಿಗೆ ಎದುರಾಗಿ ನಿಂತು ಪದ ಮುಂದುವರಿಸಿದರು.

ಆ ಮನೆಯ ಯಜಮಾನಿ ಒಳಗೆ ಹೋಗಿ, ಧಾರೆ ಎರೆದ ತಂಬಿಗೆಯಲ್ಲಿಯೇ ಎಣ್ಣೆ ತುಂಬಿಕೊಂಡು ಬಂದರು. ಎರೆಯಲು ಬಗ್ಗಿದವರು ಅರೆಕ್ಷಣ ತಡೆದರು. ದೀಪದ ಪಕ್ಕದಲ್ಲಿ, ಹಾಡುವವರ ಜೊತೆ, ಬರಿಗಾಲಿನಲ್ಲಿ, ಕೈಯಲ್ಲಿ ತಂಡದ ಎಣ್ಣೆಯ ಕ್ಯಾನು ಹಿಡಿದು ನಮ್ಮ ಕಂಡಕ್ಟರು ನಿಂತಿದ್ದರು. ಗದ್ದೆಯ ದಾರಿಯಲ್ಲಿ ಎದುರಾದವರು ಕ್ಯಾನು ಹಿಡಿದುಕೋ ಎಂದರಂತೆ, ಹಿಡಿದುಕೊಂಡು ಬಂದರಂತೆ. ಇದನ್ನು ಯಾರೂ ಬರೆದಿರಲಿಲ್ಲ. ಯಜಮಾನಿ ಅವರನ್ನು ನೋಡಿದರು, ಆಮೇಲೆ ಎಣ್ಣೆ ಎರೆದರು.